ಮೂವತ್ತೆಂಟು ಪೌಂಡಿನ ಬಿಲ್ಲು

ಯಾಮಿನಿ ಜೀವಮಾನದಲ್ಲಿ ಬಿಲ್ಲು ಹಿಡಿದವಳಲ್ಲ. ಮೈಸೂರಿನ ಸರಸ್ವತಿಪುರಂನಲ್ಲಿ ಬೆಳೆದವಳು. ಕೇಕ್ ತಿನ್ನುವ ಮೊದಲು ಮೊಟ್ಟೆ ಹಾಕಿದ್ದಾರೆಯೇ ಎಂದು ಕೇಳುವವಳು. ಅಂಥವಳ ಪಾಲಿಗೆ, ಜಿಂಕೆ ಬೇಟೆಗೆ ಯಾವ ಬಾಣದಲಗು ಸರಿ ಎಂದು ಅಮೆರಿಕದ ಬೇಟೆಗಾರರಿಗೆ ಹೇಳಿಕೊಡುವ ಕೆಲಸ ಬಂದಿತ್ತು.

ಟೋಕಿಯೊದ ಶಿನಾಗಾವಾದಲ್ಲಿದ್ದ ಅವಳ ಕಂಪನಿ ಪರದೇಶದ ಅಂಗಡಿಗಳಿಗೆ ವೆಬ್‌ಸೈಟು ಕಟ್ಟಿಕೊಡುತ್ತಿತ್ತು. ಅವುಗಳಲ್ಲಿ ಒಂದು, ಬೇಟೆಯ ಸಾಮಾನು ಮಾರುವ ಅಂಗಡಿ. ಬಾಣದ ತುದಿಗೆ ತಿರುಗಿಸಿ ಕೂರಿಸುವ ಅಗಲವಾದ ಅಲಗಿಗೆ ಬ್ರಾಡ್‌ಹೆಡ್ ಅನ್ನುತ್ತಾರೆ. ಅದರಲ್ಲೇ ನೂರಾರು ಬಗೆ. ಗಿರಾಕಿಗಳು ಯಾವುದನ್ನು ಕೊಳ್ಳಬೇಕೆಂದು ತಿಳಿಯದೆ ಪುಟ ಮುಚ್ಚಿ ಹೋಗುತ್ತಿದ್ದರು. ಐದು ಪ್ರಶ್ನೆ ಕೇಳಿ ಒಂದು ಬ್ರಾಡ್‌ಹೆಡ್ ತೋರಿಸುವ ಪುಟ ಬೇಕೆಂದು ಅಂಗಡಿಯವರು ಹೇಳಿದರು. ಅದನ್ನು ಯಾಮಿನಿ ಬರೆದಳು.

ಎರಡು ತಿಂಗಳು ಓದಿ ಓದಿ ಅವಳಿಗೆ ವಿಷಯ ಬಾಯಿಪಾಠವಾಗಿತ್ತು. ಕೆಲವು ಬ್ರಾಡ್‌ಹೆಡ್‌ಗಳ ಅಲಗು ಅಲುಗಾಡದಂತೆ ಕೂತಿರುತ್ತದೆ. ಕೆಲವುಗಳ ಅಲಗು ಹಾರುವಾಗ ಮಡಚಿಕೊಂಡಿದ್ದು, ಪ್ರಾಣಿಯ ಮೈಗೆ ತಾಗಿದಾಗ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಳ್ಳುವಂಥದ್ದು ಮಾಡುವ ಗಾಯ ಅಗಲ, ಆದರೆ ಬಿಚ್ಚಿಕೊಳ್ಳುವುದಕ್ಕೇ ಬಾಣದ ಬಲ ಒಂದಷ್ಟು ಖರ್ಚಾಗಿಬಿಡುತ್ತದೆ. ಬಿಲ್ಲು ಬಿರುಸಾಗಿದ್ದರೆ ಚಿಂತೆಯಿಲ್ಲ. ಮೆದುವಾಗಿದ್ದರೆ ಬಾಣ ಪಕ್ಕೆಲುಬಿನಲ್ಲೇ ನಿಂತುಬಿಡುತ್ತದೆ. ಜಿಂಕೆ ಸಾಯುವುದಿಲ್ಲ, ಬದುಕುವುದೂ ಇಲ್ಲ. ಹಾಗಾಗಿ ಐದು ಪ್ರಶ್ನೆಗಳಲ್ಲಿ ಮುಖ್ಯವಾದದ್ದು ಒಂದೇ: ನಿಮ್ಮ ಬಿಲ್ಲನ್ನು ಎಳೆಯಲು ಎಷ್ಟು ಪೌಂಡ್ ಬಲ ಬೇಕು?

ಪುಟ ಅಕ್ಟೋಬರ್ ಮೊದಲ ವಾರ ಶುರುವಾಯಿತು. ಅಂಗಡಿಯವರು ಖುಷಿಪಟ್ಟರು.

ನವೆಂಬರ್ ಕೊನೆಯ ಒಂದು ಮಂಗಳವಾರ, ಊಟ ಮುಗಿಸಿ ಬಂದು ಕೂತ ಯಾಮಿನಿ ಗಿರಾಕಿಗಳ ದೂರುಗಳನ್ನು ನೋಡುತ್ತಿದ್ದಳು. ಬಣ್ಣ ಬೇರೆ ಬಂತು, ಡಬ್ಬಿ ಒಡೆದಿತ್ತು, ಇಂಥವೇ. ನಡುವೆ ಒಂದು ಉದ್ದದ ಪತ್ರವಿತ್ತು. ಬರೆದವಳ ಹೆಸರು ಲೊರೇನ್, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದವಳು. ವಯಸ್ಸು ಅರವತ್ತೇಳು. ಸ್ಕೂಲ್ ಬಸ್ ಓಡಿಸಿ ನಿವೃತ್ತಳಾದವಳು.

ಭುಜದ ಆಪರೇಷನ್ ಆದಮೇಲೆ ತನಗೆ ಹಳೆಯ ಬಿಲ್ಲು ಎಳೆಯಲು ಆಗುತ್ತಿರಲಿಲ್ಲ, ಮೂವತ್ತೆಂಟು ಪೌಂಡಿನ ಮೆದು ಬಿಲ್ಲು ಕೊಂಡೆ ಎಂದು ಅವಳು ಬರೆದಿದ್ದಳು. 'ನಿಮ್ಮ ಪುಟ ಹೇಳಿದ, ಬಿಚ್ಚಿಕೊಳ್ಳುವ ಬ್ರಾಡ್‌ಹೆಡ್ಡನ್ನೇ ತಂದೆ. ಹದಿನೆಂಟು ಗಜದಿಂದ ಒಂದು ಹೆಣ್ಣು ಜಿಂಕೆಗೆ ಹೊಡೆದೆ. ಬಾಣ ನಾಲ್ಕು ಬೆರಳಿನಷ್ಟು ಮಾತ್ರ ಒಳಗೆ ಹೋಯಿತು. ಅದು ಓಡುವಾಗ ಕೆಮ್ಮುತ್ತಿತ್ತು. ಮನುಷ್ಯರ ಹಾಗೇ ಕೆಮ್ಮುತ್ತಿತ್ತು. ಎರಡು ದಿನ ಹುಡುಕಿದೆ. ಐವತ್ತು ವರ್ಷದಲ್ಲಿ ನಾನು ಹೊಡೆದು ಕಳೆದುಕೊಂಡ ಪ್ರಾಣಿ ಇದೊಂದೇ. ತಪ್ಪು ನನ್ನದೋ ಅಲಗಿನದೋ ಹೇಳಿ.'

ಜೊತೆಗೆ ಹನ್ನೊಂದು ಸೆಕೆಂಡಿನ ವೀಡಿಯೊ ಇತ್ತು. ಹೊಡೆದ ಆರನೆಯ ದಿನ, ಲೊರೇನ್ ಕಾಡಿನ ಮರಕ್ಕೆ ಕಟ್ಟಿಟ್ಟಿದ್ದ ಕ್ಯಾಮೆರಾ ಹಿಡಿದದ್ದು. ತೊರೆಯ ಪಕ್ಕ ಜಿಂಕೆ ನಿಂತಿದೆ. ಪಕ್ಕೆಯಿಂದ ಬಾಣದ ತುಂಡು ಹೊರಗೆ ಚಾಚಿದೆ, ಉಸಿರಾಡಿದ ಹಾಗೆಲ್ಲ ಅದರ ತುದಿಯ ಹಸಿರು ಗರಿ ಮೇಲೆ ಕೆಳಗೆ ಆಡುತ್ತದೆ. ಜಿಂಕೆ ನೀರಿಗೆ ಬಾಯಿ ಹಾಕುತ್ತದೆ, ಕುಡಿಯದೆ ತಲೆಯೆತ್ತುತ್ತದೆ, ನೇರವಾಗಿ ಕ್ಯಾಮೆರಾ ನೋಡುತ್ತದೆ. ಅಲ್ಲಿಗೆ ಮುಗಿಯುತ್ತದೆ.

ಮೂವತ್ತೆಂಟು ಪೌಂಡಿಗೆ ತನ್ನ ಪುಟ ಬಿಚ್ಚಿಕೊಳ್ಳುವ ಅಲಗನ್ನು ತೋರಿಸಲು ಸಾಧ್ಯವೇ ಇಲ್ಲ ಎಂದುಕೊಂಡಳು ಯಾಮಿನಿ. ಪುಟದ ಆ ಪ್ರಶ್ನೆಗೆ ಲೊರೇನ್ ಏನು ಬರೆದಿದ್ದಳೆಂದು ಹುಡುಕಿದಳು. ಸಿಕ್ಕಿತು. ಅವಳು ಬರೀ 38 ಎಂದು ಬರೆದಿರಲಿಲ್ಲ, ಮುಂದೆ ಪೌಂಡ್ ಎಂದು ಅಕ್ಷರವನ್ನೂ ಸೇರಿಸಿದ್ದಳು. ಅಕ್ಷರ ಬಂದರೆ ಪ್ರೋಗ್ರಾಮಿಗೆ ಅದು ಸಂಖ್ಯೆಯೆಂದು ಗೊತ್ತಾಗುತ್ತಿರಲಿಲ್ಲ. ಗೊತ್ತಾಗದಿದ್ದಾಗ ಅದು ತಾನಾಗಿ ಅರವತ್ತು ಎಂದಿಟ್ಟುಕೊಂಡು ಮುಂದೆ ಹೋಗುತ್ತಿತ್ತು. ಆ ಸಾಲಿನ ಪಕ್ಕದಲ್ಲಿ ಯಾಮಿನಿಯದೇ ಟಿಪ್ಪಣಿಯಿತ್ತು: 'ಸದ್ಯಕ್ಕೆ 60. ಆಮೇಲೆ ನೋಡಬೇಕು.'

ಆಮೇಲೆ ಅವಳು ನೋಡಿರಲಿಲ್ಲ. ಅಕ್ಟೋಬರಿನಿಂದ ಹೀಗೆ ಸುಳ್ಳು ಅರವತ್ತು ಬಿದ್ದದ್ದು ಇನ್ನೂರ ಹನ್ನೆರಡು ಸಲ.

ಅಂದೇ ಸಂಜೆ ಪಕ್ಕದ ಮೇಜಿನ ಹಿರಾನೋ ಸಾನ್‌ಗೆ ತೋರಿಸಿದಳು. ತಂಡದ ಮುಖ್ಯಸ್ಥ ಅವನೇ. ಇಬ್ಬರ ಮಾತೂ ಅರ್ಧ ಜಪಾನಿ, ಅರ್ಧ ಇಂಗ್ಲಿಷು; ಹೆಸರಿನ ಜೊತೆಯ ಸಾನ್ ಅಲ್ಲಿನವರ ಗೌರವದ ಮಾತು. ಅವನು ಪತ್ರ ಓದಿ, "ಯಾಮಿನಿ ಸಾನ್, ಮೊದಲು ಸರಿ ಮಾಡೋಣ" ಅಂದ. ಒಂದು ಗಂಟೆಯಲ್ಲಿ ಸರಿಯಾಯಿತು. ಅಂಗಡಿಯವರಿಗೆ ವರದಿ ಹೋಯಿತು. ತಿಳಿಸಿದ್ದಕ್ಕೆ ಕೃತಜ್ಞತೆ, ಗಿರಾಕಿಗಳ ವಿಚಾರ ನಾವು ನೋಡಿಕೊಳ್ಳುತ್ತೇವೆ, ನೀವು ಯಾರನ್ನೂ ಸಂಪರ್ಕಿಸಬೇಡಿ ಎಂದು ಉತ್ತರ ಬಂತು.

ಟೋಕಿಯೊದ ಪೂರ್ವದಂಚಿನ ನಿಶಿ ಕಸಾಯಿ ಬಡಾವಣೆಯ ಮನೆಯಲ್ಲಿ ಗಂಡ ರಮಾಕಾಂತ ಅಕ್ಕಿ ತೊಳೆಯುತ್ತಿದ್ದ. ಎಲ್ಲ ಕೇಳಿ, "ಬಗ್ ಎಲ್ಲರ ಕೋಡ್‌ನಲ್ಲೂ ಇರತ್ತೆ ಕಣೇ. ಕಂಡುಹಿಡಿದೆ, ಫಿಕ್ಸ್ ಮಾಡಿದೆ. ಇನ್ನೇನು ಮಾಡಕ್ಕಾಗತ್ತೆ?" ಅಂದ.

"ಬೇರೆ ಬಗ್ ಕೆಮ್ಮಲ್ಲ, ರಮಾ," ಅಂದಳು.

ಅವನಿಗೆ ಅರ್ಥವಾಗಲಿಲ್ಲ. ಅಕ್ಕಿಯನ್ನು ಕುಕ್ಕರಿಗೆ ಹಾಕಿದ.

ಡಿಸೆಂಬರ್ ಹೊಕ್ಕಿತ್ತು. ತೋಜಾಯಿ ಲೈನಿನ ಬೆಳಗಿನ ರೈಲಿನಲ್ಲಿ ಎಲ್ಲರಿಗೂ ಶೀತ. ಮಾಸ್ಕಿನೊಳಗೆ ಒಬ್ಬರಲ್ಲ ಒಬ್ಬರು ಕೆಮ್ಮುತ್ತಿದ್ದರು. ಒಂದೊಂದು ಕೆಮ್ಮಿಗೂ ಯಾಮಿನಿ ತಿರುಗಿ ನೋಡುತ್ತಿದ್ದಳು. ರೈಲು ಅರಾಕಾವಾ ನದಿಯ ಸೇತುವೆ ಹತ್ತಿದಾಗ ದಡದಲ್ಲಿ ಒಣಗಿದ ಜೊಂಡು ಕಾಣುತ್ತದೆ. ಒಂದು ಬೆಳಿಗ್ಗೆ ಆ ಜೊಂಡಿನ ನಡುವೆ ಕಂದುಬಣ್ಣದ್ದೊಂದು ನಿಂತದ್ದು ಕಂಡಿತು. ತಲೆಯೆತ್ತಿ ರೈಲನ್ನೇ ನೋಡುತ್ತಿತ್ತು. ಅದರ ಪಕ್ಕೆಯ ಮೇಲೆ ಹಸಿರು ಚುಕ್ಕಿ. ಮಾರನೆಯ ದಿನವೂ ಇತ್ತು, ಈ ಸಲ ಸೇತುವೆಗೆ ಇನ್ನೂ ಹತ್ತಿರ. ಟೋಕಿಯೊದ ನಡುವೆ ಜಿಂಕೆ ಎಲ್ಲಿಂದ ಬರಬೇಕು? ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದರೂ ಮೂರನೆಯ ದಿನ ಕಿಟಕಿಗೆ ಬೆನ್ನು ಮಾಡಿ ನಿಂತಳು. ಸೇತುವೆ ಮುಗಿಯುವ ತನಕ ಬೆನ್ನ ಮೇಲೆ ಯಾರೋ ಕಣ್ಣಿಟ್ಟ ಹಾಗಿತ್ತು.

ಆಫೀಸಿನಲ್ಲಿ ಸಪ್ಪಗೆ ಕೂರುತ್ತಿದ್ದವಳನ್ನು ನೋಡಿ ಹಿರಾನೋ ಸಾನ್ ಒಂದು ದಿನ ಕೇಳಿದ, "ನಮ್ಮ ತಂದೆ ತಾಂಜಾವಾ ಬೆಟ್ಟದಲ್ಲಿ ಜಿಂಕೆ ಹಿಡಿಯುತ್ತಾರೆ. ಒಂದು ಸಲ ಬಂದು ನೋಡುತ್ತೀರಾ?" ಯಾಕೆ ಕೇಳಿದನೋ ಅವನಿಗೂ ಸರಿಯಾಗಿ ತಿಳಿದಿರಲಿಲ್ಲ. ಕೇಳಿದ ಮೇಲೆ ಮುಜುಗರಪಟ್ಟು "ಸುಮಿಮಾಸೆನ್", ಕ್ಷಮಿಸಿ, ಅಂದ. ಯಾಮಿನಿ ಬರುತ್ತೇನೆ ಅಂದಳು.

ಶನಿವಾರ ಬೆಳಿಗ್ಗೆ ಇಬ್ಬರೂ ಬೆಟ್ಟದ ಬುಡದ ಹದಾನೋ ಸ್ಟೇಷನ್ನಿನಲ್ಲಿ ಇಳಿದಾಗ, ಹೊರಗೆ ಅವನ ಮುದುಕ ತಂದೆ ಪುಟ್ಟ ಬಿಳಿ ಟ್ರಕ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಎಪ್ಪತ್ತೈದು ದಾಟಿದ್ದರೂ ಗಟ್ಟಿ ಆಳು, ಮಂಡಿನೋವೆಂದು ದಾರಿಯುದ್ದಕ್ಕೂ ಗೊಣಗಿದ. ಸೀಡರ್ ಮರಗಳ ಕೆಳಗೆ ಕಿರುದಾರಿಯಲ್ಲಿ ಮೂವರೂ ಹತ್ತಿದರು. ತೋಟ ಹಾಳುಮಾಡುವ ಜಿಂಕೆಗಳಿಗೆ ಅವನು ತಂತಿಯ ಉರುಳು ಒಡ್ಡುತ್ತಿದ್ದ, ಲೈಸೆನ್ಸ್ ಇತ್ತು. ನಾಲ್ಕನೆಯ ಉರುಳಿನಲ್ಲಿ ಹೆಣ್ಣು ಜಿಂಕೆಯೊಂದು ಸಿಕ್ಕಿತ್ತು. ಕಾಲು ತಂತಿಯಲ್ಲಿ, ಸುತ್ತಲ ನೆಲವೆಲ್ಲ ಕೆದರಿ ಮಣ್ಣು. ಇವರನ್ನು ಕಂಡು ಸಿಳ್ಳೆ ಹಾಕಿದಂತೆ ಒಂದು ಸಲ ಕೂಗಿತು.

"ಆ ಕಡೆ ತಿರುಗಿಕೋ, ತಾಯಿ," ಅಂದ ಮುದುಕ.

ಯಾಮಿನಿ ತಿರುಗಲಿಲ್ಲ. ಮುದುಕ ಕೋಲಿಗೆ ಕಟ್ಟಿದ ಚೂರಿಯನ್ನು ಹಿಡಿದು ಪಕ್ಕದಿಂದ ಹೋದ. ಹತ್ತು ಎಣಿಸುವಷ್ಟರಲ್ಲಿ ಎಲ್ಲ ಮುಗಿಯಿತು.  ಯಾಮಿನಿಗೆ ಒಂದು ಯೋಚನೆ ಬಂತು, ಬಂದದ್ದಕ್ಕೆ ಅವಳಿಗೇ ಹೆದರಿಕೆಯಾಯಿತು: ಇದು ಸತ್ತಿತು. ಪುಣ್ಯ, ಇದು ಸತ್ತಿತು.

ಕೆಳಗಿಳಿದು ತೊರೆಯಲ್ಲಿ ಕೈ ತೊಳೆಯುತ್ತ ಮುದುಕ, ಮಗ ಎಲ್ಲ ಹೇಳಿದ್ದಾನೆ ಅಂದ. "ನಮ್ಮ ದೇಶದಲ್ಲಿ ಬಾಣದ ಬೇಟೆಗೆ ಕಾನೂನಿನ ಒಪ್ಪಿಗೆಯಿಲ್ಲ. ನಾನು ಬಂದೂಕಲ್ಲೇ ಒಂದನ್ನು ಹಾಗೆ ಬಿಟ್ಟಿದ್ದೀನಿ. ಹೊಟ್ಟೆಗೆ ಬಿತ್ತು. ಹಿಮ ಬೀಳುತ್ತಿತ್ತು, ನಾಳೆ ಹುಡುಕೋಣ ಅಂತ ಮನೆಗೆ ಹೋದೆ. ಆಗ ಇವನು ಹುಟ್ಟಿರಲಿಲ್ಲ."

"ಆಮೇಲೆ?"

"ಆಮೇಲೇನು? ಸಿಗಲಿಲ್ಲ. ಬಂದೂಕು ಮಾರಿದೆ, ಉರುಳಿಗೆ ಬಂದೆ. ಹಿಮ ಬಿದ್ದಾಗೆಲ್ಲ ಹೆಂಡತಿ ಬಾಗಿಲು ಹಾಕ್ತಾಳೆ, ನಾನು ಹೊರಗೆ ಹೋಗಿಬಿಡ್ತೀನಿ ಅಂತ." ಕೈಯನ್ನು ಟವೆಲಿಗೆ ಒರೆಸಿಕೊಂಡು ಅವಳನ್ನು ನೋಡಿದ. "ಆ ಅಮೆರಿಕದ ಹೆಂಗಸು ಎರಡು ದಿನ ಹುಡುಕಿದಳಂತೆ. ಅವಳಿಗೆ ಯಾರು ಏನು ಹೇಳಿದರು?"

ಯಾಮಿನಿಗೆ ಗೊತ್ತಿರಲಿಲ್ಲ. ಸೋಮವಾರ ಆಫೀಸಿಗೆ ಹೋದವಳು ಮೊದಲು ಅದನ್ನೇ ನೋಡಿದಳು. ಅಂಗಡಿಯವರು ಲೊರೇನ್‌ಗೆ ಮೂರು ಸಾಲು ಬರೆದಿದ್ದರು. ನಿಮ್ಮ ಅನುಭವಕ್ಕೆ ವಿಷಾದವಿದೆ. ಬೇಟೆಯಲ್ಲಿ ಗುರಿ ಬಹಳ ಮುಖ್ಯ. ಹೆಚ್ಚಿನ ಅಭ್ಯಾಸ ಮಾಡಿ.

ಆ ಮೂರು ಸಾಲನ್ನು ಓದಿ ಅವಳಿಗೆ ಮೈ ಉರಿಯಿತು. ಮಧ್ಯಾಹ್ನ ಆಫೀಸಿನ ಕೆಳಗೆ, ಕೊಂಬಿನಿ ಎನ್ನುವ ಚಿಲ್ಲರೆ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತು, ತನ್ನ ಸ್ವಂತ ಇ-ಮೇಲಿನಿಂದ ಲೊರೇನ್‌ಗೆ ಬರೆದಳು.

'ತಪ್ಪು ನಿಮ್ಮದಲ್ಲ. ಆ ಪುಟ ಬರೆದವಳು ನಾನು. ನೀವು ಮೂವತ್ತೆಂಟು ಅಂದಿರಿ. ನನ್ನ ಪ್ರೋಗ್ರಾಮು ಅರವತ್ತು ಎಂದು ಕೇಳಿಸಿಕೊಂಡಿತು. ನಿಮ್ಮ ಬಿಲ್ಲಿಗೆ ಅದು ಆಗಬಾರದ ಅಲಗು. ನಿಮ್ಮ ಕೈ ಸರಿಯಾಗಿಯೇ ಇತ್ತು. ನಾನು ಬೇಟೆಯಾಡಿದವಳಲ್ಲ, ಮಾಂಸ ತಿನ್ನುವವಳೂ ಅಲ್ಲ. ಆದರೆ ಆ ಜಿಂಕೆಯನ್ನು ದಿನಾ ನೋಡುತ್ತಿದ್ದೇನೆ.'

ಕಳಿಸಿ, ಮೇಲೆ ಹೋಗಿ, ಕಳಿಸಿದ್ದನ್ನು ಹಿರಾನೋ ಸಾನ್‌ಗೆ ತಾನೇ ಹೇಳಿದಳು. ಅವನ ಮುಖ ಬಿಳಚಿಕೊಂಡಿತು.

"ಬರೆಯಬಾರದು ಅಂದಿದ್ದರು."

"ಹೌದು."

"ನನ್ನನ್ನು ಕೇಳಬಹುದಿತ್ತು."

"ಕೇಳಿದ್ದರೆ ನೀವು ಬೇಡ ಅನ್ನಬೇಕಾಗುತ್ತಿತ್ತು, ಹಿರಾನೋ ಸಾನ್."

ಒಂದು ವಾರ ಮೀಟಿಂಗುಗಳು ನಡೆದವು. ಯಾಮಿನಿಯನ್ನು ಆ ಕೆಲಸದಿಂದ ತೆಗೆದು, ಸಾಕುಪ್ರಾಣಿಗಳ ಆಹಾರ ಮಾರುವ ಇನ್ನೊಂದು ಅಂಗಡಿಗೆ ಹಾಕಿದರು. ಅವಳ ಫೈಲಿಗೆ ಎಚ್ಚರಿಕೆಯ ಪತ್ರ ಸೇರಿತು. ಆದರೆ ವಿಷಯ ಹೊರಗೆ ಹೋಗಿದ್ದರಿಂದ ಅಂಗಡಿಯವರಿಗೆ ಬೇರೆ ದಾರಿ ಉಳಿಯಲಿಲ್ಲ. ಆ ಇನ್ನೂರ ಹನ್ನೆರಡು ಸಲದಲ್ಲಿ ಅಲಗು ಕೊಂಡಿದ್ದ ಎಲ್ಲರಿಗೂ, ಬಳಸಬೇಡಿ ಎಂದು ಪತ್ರ ಹೋಯಿತು. ಹೋಗುವ ಹೊತ್ತಿಗೆ ಬೇಟೆಯ ಕಾಲ ಬಹುಪಾಲು ಮುಗಿದಿತ್ತು. ಆ ಅಲಗುಗಳಲ್ಲಿ ಎಷ್ಟು ಡಬ್ಬಿಯಲ್ಲೇ ಉಳಿದವು, ಎಷ್ಟು ಕಾಡಿನಲ್ಲಿ ನಡೆದಾಡುತ್ತಿವೆ, ಯಾರಿಗೂ ತಿಳಿಯುವಂತಿರಲಿಲ್ಲ.

"ಕೆಲಸ ಹೋಗಿದ್ರೆ ವೀಸಾ ಏನಾಗ್ತಿತ್ತು, ಯೋಚನೆ ಮಾಡಿದ್ಯಾ?" ಎಂದು ರಮಾಕಾಂತ ರೇಗಿದ. ಸ್ವಲ್ಪ ಹೊತ್ತಾದ ಮೇಲೆ ಕಾಫಿ ತಂದಿಟ್ಟು, "ಆ ವೀಡಿಯೊ ನನಗೂ ತೋರಿಸು," ಅಂದ. ಎರಡು ಸಲ ನೋಡಿದ. ಫೋನ್ ಬೋರಲು ಹಾಕಿ ಬಾಲ್ಕನಿಗೆ ಹೋಗಿ ನಿಂತ.

ಜನವರಿಯಲ್ಲಿ ಲೊರೇನಳ ಉತ್ತರ ಬಂತು.

'ನಿನ್ನ ಪತ್ರವನ್ನು ಪ್ರಿಂಟ್ ಮಾಡಿಸಿ ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ. ನನಗೆ ವಯಸ್ಸಾಯಿತು, ಕೈ ಹೋಯಿತು ಅಂತ ನನ್ನ ತಮ್ಮ ಹೇಳುತ್ತಿದ್ದ, ನಾನೂ ನಂಬಿದ್ದೆ. ಜಿಂಕೆ ಆಮೇಲೆ ಕ್ಯಾಮೆರಾಕ್ಕೆ ಬೀಳಲಿಲ್ಲ. ತೊರೆಯ ಎರಡೂ ದಡ ಹುಡುಕಿದೆ, ಮೂಳೆಯೂ ಸಿಗಲಿಲ್ಲ. ಮನೆಯೊಳಗೆ ಕೂತಿದ್ದರೂ ಅದರ ಕೆಮ್ಮು ಕೇಳಿಸುತ್ತದೆ. ಈಗ ಅದನ್ನು ಕೇಳುವವರು ಇಬ್ಬರಾದೆವು, ಒಬ್ಬಳೇ ಅಲ್ಲ. ಇನ್ನೊಂದು ಮಾತು ಕೇಳುತ್ತೇನೆ. ಬರುವ ವರ್ಷ ನಾನು ಕಾಡಿಗೆ ಹೋಗುವುದೋ ಬಿಡುವುದೋ ಇನ್ನೂ ತೀರ್ಮಾನಿಸಿಲ್ಲ. ಹೋಗುವುದಾದರೆ, ನನ್ನ ಮೂವತ್ತೆಂಟು ಪೌಂಡಿಗೆ ಯಾವ ಅಲಗು ಸರಿ? ಅಂಗಡಿಯವರನ್ನು ಕೇಳುವುದಿಲ್ಲ. ನೀನು ಹೇಳು.'

ಯಾಮಿನಿಗೆ ಎಂಟು ದಿನ ಉತ್ತರ ಬರೆಯಲಾಗಲಿಲ್ಲ. ಹೋಗಬೇಡಿ ಎಂದು ಬರೆದರೆ ಮುಗಿಯುತ್ತಿತ್ತು. ಅದು ಸುಲಭ, ಆದರೆ ಆಕೆ ಕೇಳಿದ್ದು ಅದಲ್ಲ. ಮುದುಕನ ಚೂರಿ ನೆನಪಾಯಿತು, ಹತ್ತು ಎಣಿಸುವಷ್ಟರ ಆ ಮೌನ ನೆನಪಾಯಿತು. ಭಾನುವಾರ ಬೆಳಿಗ್ಗೆ ಹಳೆಯ ಟಿಪ್ಪಣಿಗಳನ್ನೆಲ್ಲ ಹರಡಿಕೊಂಡು ಮೇಜಿಗೆ ಕೂತಳು. ಒಂದೊಂದು ಸಂಖ್ಯೆಯನ್ನೂ ಎರಡೆರಡು ಕಡೆ ತಾಳೆ ನೋಡಿದಳು.

ಬಿಚ್ಚಿಕೊಳ್ಳುವ ಅಲಗು ಬೇಡವೇ ಬೇಡ ಎಂದು ಬರೆದಳು. ಎರಡೇ ಅಲಗಿನ, ಕದಲದೆ ಕೂತ, ತುದಿಯಿಂದಲೇ ಕೊಯ್ಯುತ್ತ ಹೋಗುವ ಕಿರಿದಾದ ಬ್ರಾಡ್‌ಹೆಡ್ ತೆಗೆದುಕೊಳ್ಳಿ. ಕೂದಲು ಬೋಳಿಸುವಷ್ಟು ಹರಿತವಿದೆಯೇ ಎಂದು ಪ್ರತಿ ಸಲ ನೋಡಿ. ಬಾಣ ಭಾರವಾಗಿರಲಿ. ಹದಿನೈದು ಗಜದಿಂದಾಚೆ ಹೊಡೆಯಬೇಡಿ, ಜಿಂಕೆ ಪೂರ್ತಿ ಪಕ್ಕ ತೋರಿಸಿ ನಿಲ್ಲುವ ತನಕ ಹೊಡೆಯಬೇಡಿ. ಅದು ನಿಮ್ಮನ್ನು ನೋಡುತ್ತಿದ್ದರೆ ಬಿಲ್ಲು ಇಳಿಸಿಬಿಡಿ.

ಕೊನೆಯ ಸಾಲು ಯಾವ ಟಿಪ್ಪಣಿಯಲ್ಲೂ ಇರಲಿಲ್ಲ. ಅಳಿಸಲು ಹೋಗಿ, ಬಿಟ್ಟಳು. ಕಳಿಸಿದಳು.

ಲೊರೇನ್ ಮತ್ತೆ ಬರೆಯಲಿಲ್ಲ. ಬೇಸಗೆ ಬಂತು, ಹೋಯಿತು. ಯಾಮಿನಿ ನಾಯಿ ತಿಂಡಿಯ ಪುಟಗಳನ್ನು ಬರೆದಳು. ಖಾಲಿ ಬಿಟ್ಟ ಜಾಗವನ್ನು ತಾನಾಗಿ ತುಂಬುವ ಒಂದು ಸಾಲೂ ಅವುಗಳಲ್ಲಿ ಇಲ್ಲ ಎಂದು ಜೊತೆಯವರು ನಗುತ್ತಿದ್ದರು. ಗಿರಾಕಿ ಉತ್ತರ ಕೊಡುವ ತನಕ ಅವಳ ಪುಟ ಮುಂದೆ ಹೋಗುತ್ತಲೇ ಇರಲಿಲ್ಲ. ಮತ್ತೆ ನವೆಂಬರ್ ಬಂದಾಗ ಅವಳು ದಿನಕ್ಕೆ ಹತ್ತು ಸಲ ಮೇಲ್ ತೆರೆದು ನೋಡತೊಡಗಿದಳು. ವಿಸ್ಕಾನ್ಸಿನ್‌ನಲ್ಲಿ ಆಗ ಎಷ್ಟು ಗಂಟೆ, ಬೆಳಕಾಗಿದೆಯೇ, ಗಾಳಿ ಹೇಗಿದೆ ಎಂದೂ ನೋಡುತ್ತಿದ್ದಳು. ಆ ಹೆಂಗಸು ಅಲ್ಲಿ ಯಾವುದೋ ಮರದ ಬುಡದಲ್ಲಿ ಬಿಲ್ಲು ಎಳೆದು ನಿಂತಿರಬಹುದು. ಅಥವಾ ಅಡುಗೆಮನೆಯಲ್ಲಿ ಸುಮ್ಮನೆ ಕೂತಿರಬಹುದು. ಯಾವುದಾಗಲಿ ಎಂದು ಬೇಡಿಕೊಳ್ಳಬೇಕೋ ಯಾಮಿನಿಗೆ ಗೊತ್ತಾಗುತ್ತಿರಲಿಲ್ಲ.