ಮೇಲಿನ ಮನೆಯ ರಿಜಿಸ್ಟರು

ಬುಧವಾರ ರಾತ್ರಿ ಒಂಬತ್ತಕ್ಕೆ ಗಂಡ ಬದುಕಿದ್ದ ಎನ್ನುವುದಕ್ಕೆ ಅವಳ ಬಳಿ ಸಾಕ್ಷಿ ಇತ್ತು. ಹವಾಮಾನ ಕೇಂದ್ರದ ರಿಜಿಸ್ಟರಿನ ಕೊನೆಯ ಸಾಲು, ಅವನದೇ ಕೈಬರಹ: ಆಕಾಶ ನಿರ್ಮಲ, ಗಾಳಿ ಮಂದ. ನಾಲ್ಕು ದಿನದಿಂದ ಮನೆಮಂದಿಯೆಲ್ಲ ಆ ಸಾಲಿಗೇ ಜೋತುಬಿದ್ದಿದ್ದರು.

ಕೇಂದ್ರ ಇದ್ದದ್ದು ಬೆಟ್ಟದ ನೆತ್ತಿಯಲ್ಲಿ. ಊರಿನವರು ಅದನ್ನು ಮೇಲಿನ ಮನೆ ಅನ್ನುತ್ತಿದ್ದರು. ಚಳಿಗಾಲದಲ್ಲಿ ಅಲ್ಲಿ ಒಬ್ಬನೇ ವೀಕ್ಷಕ, ಈ ಸಲ ಅವಳ ಗಂಡ. ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಒಂಬತ್ತಕ್ಕೆ ಹೊರಗೆ ಹೋಗಿ ಉಪಕರಣಗಳನ್ನು ನೋಡಿ ಬಂದು ಬರೆದಿಡಬೇಕು. ಶುಕ್ರವಾರ ದಿನಸಿ ಹೊತ್ತುಕೊಂಡು ಹೋದವರು ನೋಡಿದ್ದು ಹೊರಗಿನಿಂದ ಹಾಕಿದ ಚಿಲಕ ಮತ್ತು ತಣ್ಣಗಾದ ಒಲೆ. ರಿಜಿಸ್ಟರನ್ನು ಅವರೇ ಕೆಳಗೆ ತಂದು ಇಲಾಖೆಯ ಸಾಹೇಬರಿಗೆ ಒಪ್ಪಿಸಿದ್ದರು.

ಇಲಾಖೆಯ ನಿಯಮದಂತೆ ಕೊನೆಯ ಬರಹದಿಂದ ಏಳು ದಿನ ಹುಡುಕಬೇಕು. ಬೆಟ್ಟದ ಮೇಲೆ ಎರಡು ಆಸರೆ ಗುಡಿಸಲುಗಳಿದ್ದವು. ಒಳಗೆ ಸೌದೆ, ಕಂಬಳಿ ಇಟ್ಟಿರುತ್ತಾರೆ. ಗಟ್ಟಿ ಆಳು ಏಳು ದಿನ ತಡೆದುಕೊಳ್ಳಬಲ್ಲ ಎಂಬ ಲೆಕ್ಕ. ಮೊದಲನೆಯದು ಖಾಲಿ ಇತ್ತು. ಎರಡನೆಯದಕ್ಕೆ ಹೋಗುವ ದಾರಿ ಹಿಮದಡಿ ಮುಚ್ಚಿಹೋಗಿತ್ತು. ಇವತ್ತು ಸೋಮವಾರ. ಇನ್ನೆರಡು ದಿನ ಬಾಕಿ.

ಅತ್ತೆ ಬೆಳಿಗ್ಗೆ ಎದ್ದವರೇ ಕೇಳಿದ್ದರು: "ಬುಧವಾರ ಅಂತಲೇ ಬರೆದಿದ್ದಾನಲ್ವೇನೆ? ನೀನೇ ಕಣ್ಣಾರೆ ನೋಡಿದ್ಯಾ?" ನೋಡಿದ್ದೇನೆ ಎಂದು ನಿನ್ನೆ ಹೇಳಿದ್ದನ್ನೇ ಮತ್ತೆ ಹೇಳಿ ಅವಳು ಕೆಲಸಕ್ಕೆ ಹೊರಟಿದ್ದಳು. ಮನೆಯಲ್ಲಿ ಕೂತರೆ ಆ ಪ್ರಶ್ನೆಗೆ ದಿನಕ್ಕೆ ಹತ್ತು ಸಲ ಉತ್ತರ ಕೊಡಬೇಕಿತ್ತು.

ಅವಳ ಕೆಲಸ ಊರಿನ ದಾಖಲೆ ಮನೆಯಲ್ಲಿ. ಹರಿದ ಹಳೆ ಪುಟಗಳಿಗೆ ತೆಳು ಕಾಗದ ಅಂಟಿಸಿ ದುರಸ್ತಿ ಮಾಡುವುದು. ದಾಖಲೆ ಮನೆಯನ್ನು ನೋಡಿಕೊಳ್ಳುವವರು ನಿವೃತ್ತ ಮೇಷ್ಟ್ರು. ದುಂಡು ಕನ್ನಡಕದಿಂದಾಗಿ ಊರೆಲ್ಲ ಅವರನ್ನು ಗೂಬೆ ಮೇಷ್ಟ್ರು ಅನ್ನುತ್ತಿತ್ತು, ಅವರಿಗೂ ಗೊತ್ತಿತ್ತು. ಅವರ ಜೀವಮಾನದ ಆಸ್ತಿ ಎಂದರೆ ಒಂದೇ ಒಂದು ರಹಸ್ಯ. ನೂರು ವರ್ಷದ ಹಿಂದೆ ಇದೇ ಮೇಲಿನ ಮನೆಯಿಂದ ಇಬ್ಬರು ವೀಕ್ಷಕರು ಮಾಯವಾಗಿದ್ದರು. ಊರಿನ ಮೇಲೆ ಹಿಮಗಾಳಿ ಅಪ್ಪಳಿಸಿದ ಎರಡು ದಿನವೂ ಅವರ ರಿಜಿಸ್ಟರಿನಲ್ಲಿ ಆಕಾಶ ನಿರ್ಮಲವಾಗಿತ್ತು. ಹೆಣ ಸಿಗಲೇ ಇಲ್ಲ. ಮೇಷ್ಟ್ರ ಹತ್ತಿರ ಇದಕ್ಕೆ ನಾಲ್ಕು ಕಥೆಗಳಿದ್ದವು: ಬಂಗಾರದ ಗಣಿ, ಪರದೇಶದ ಗೂಢಚಾರರು, ಹಿಮದ ಮೃಗ, ಒಬ್ಬನನ್ನೊಬ್ಬ ಕೊಂದದ್ದು. ನೋಡಲು ಬಂದವರ ಮುಖ ಅಳೆದು ಯಾವುದು ರುಚಿಸುತ್ತದೋ ಅದನ್ನು ಬಡಿಸುತ್ತಿದ್ದರು. ಕಾಲೇಜು ಹುಡುಗಿಯರಿಗೆ ಮೃಗ, ಅಧಿಕಾರಿಗಳಿಗೆ ಗೂಢಚಾರರು.

ಇವತ್ತು ಅವಳ ಮೇಜಿನ ಮೇಲೆ ಎರಡು ರಿಜಿಸ್ಟರುಗಳಿದ್ದವು. ಹಳೆಯದು ದುರಸ್ತಿಗೆ ಬಂದು ತಿಂಗಳಾಗಿತ್ತು. ಹೊಸದನ್ನು ಮೇಷ್ಟ್ರು ಸಾಹೇಬರಿಂದ ಒಂದು ದಿನದ ಮಟ್ಟಿಗೆ ಕೇಳಿ ತಂದಿದ್ದರು. ಅದನ್ನು ಹೇಳುವಾಗ ಮೇಷ್ಟ್ರು ಅವಳ ಮುಖ ನೋಡಲಿಲ್ಲ.

"ತಪ್ಪು ತಿಳ್ಕೋಬೇಡ ತಾಯಿ. ಆಗಲೂ ಹಿಂಗೇ ಆಗಿತ್ತಲ್ಲ. ಇಲ್ಲಿ ಬಿರುಗಾಳಿ, ಅಲ್ಲಿ ನಿರ್ಮಲ. ಹೋಲಿಸಿ ನೋಡೋಣ ಅಂತ."

ಶಿಖರ ಮೋಡಕ್ಕಿಂತ ಮೇಲಿರುವುದರಿಂದ ಇಲ್ಲಿ ಹಿಮ ಬೀಳುವಾಗ ಅಲ್ಲಿ ಬಿಸಿಲಿರಬಹುದು ಎಂದು ಸಾಹೇಬರು ಹೇಳಿದ್ದರು. ನೂರು ವರ್ಷದ ಹಿಂದಿನ ಸಾಹೇಬರೂ ಅದನ್ನೇ ಹೇಳಿದ್ದರಂತೆ. ಅವಳೂ ಅದನ್ನೇ ನಂಬಿದ್ದಳು.

ಎರಡನ್ನೂ ಕಿಟಕಿಯ ಬೆಳಕಿಗೆ ಪಕ್ಕಪಕ್ಕ ಇಟ್ಟಳು. ಅವನ ಅಕ್ಷರ ನೋಡುವ ಆಸೆ, ಅಷ್ಟೇ.

ಮೇಲಿನ ಮನೆಯಲ್ಲಿ ಶಾಯಿ ಹೆಪ್ಪುಗಟ್ಟುತ್ತದೆ. ಪ್ರತಿ ಸಲ ಬರೆಯುವ ಮುಂಚೆ ದೌತಿಯನ್ನು ಒಲೆಯ ಮೇಲಿಟ್ಟು ಕರಗಿಸಬೇಕು. ಆಗ ತಾನೇ ಬಿಸಿಯಾದ ಶಾಯಿ ಕಡುಕಪ್ಪು. ಹಾಗಾಗಿ ರಿಜಿಸ್ಟರಿನಲ್ಲಿ ಒಂದೊಂದು ಸಾಲೂ ಕಡುಕಪ್ಪಾಗಿಯೇ ಇತ್ತು. ಹಳೆಯದರ ಕೊನೆಯ ಪುಟದಲ್ಲಿ ಮಾತ್ರ ಹಾಗಿರಲಿಲ್ಲ. ಒಂದು ಸಾಲು ಕಪ್ಪು, ಅದರ ಕೆಳಗಿನದು ಸ್ವಲ್ಪ ತೆಳು, ಅದರ ಕೆಳಗಿನದು ಇನ್ನೂ ತೆಳು. ಕೊನೆಯ ಸಾಲಿಗೆ ಬರುವಾಗ ಶಾಯಿ ತಣಿದು ನಿಬ್ಬು ಕಾಗದವನ್ನು ಗೀರಿತ್ತು. ಕಾಲದಿಂದ ಮಾಸಿದ್ದು ಎಂದು ಇಷ್ಟು ದಿನ ಅಂದುಕೊಂಡಿದ್ದಳು. ಕಾಲ ಮಾಸಿಸಿದ್ದರೆ ಪುಟವಿಡೀ ಮಾಸಬೇಕಿತ್ತು. ಎರಡು ದಿನದ ಸಾಲುಗಳನ್ನು ಒಂದೇ ಸಲ ಕೂತು ಬರೆದಿದ್ದರು. ಮುಂದಿನ ದಿನಗಳ ಹವೆಯನ್ನು ಮೊದಲೇ ತುಂಬಿಸಿಟ್ಟು ಬೆಟ್ಟ ಇಳಿದಿದ್ದರು. ಕೆಳಗೆ ಯಾರೋ ಕಾಯುತ್ತಿದ್ದಿರಬೇಕು.

ಹೊಸ ರಿಜಿಸ್ಟರಿನ ಕಡೆ ಕಣ್ಣು ಹೊರಳಿಸಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

ಕಳೆದ ಸೋಮವಾರ ಮಧ್ಯಾಹ್ನದ ಸಾಲು ಕಡುಕಪ್ಪು. ಅಲ್ಲಿಂದ ಬುಧವಾರ ರಾತ್ರಿಯವರೆಗೆ ಇಳಿಯುತ್ತ ಇಳಿಯುತ್ತ ಬಂದಿತ್ತು. ಕೊನೆಯಲ್ಲಿ ನಿಬ್ಬು ಗೀರಿತ್ತು.

ಅವಳಿಗೆ ಮಾತ್ರ ಗೊತ್ತಿದ್ದ ಒಂದು ಸಂಗತಿ ಇತ್ತು. ಅದರ ಹಿಂದಿನ ವಾರ ದಿನಸಿಯ ಚೀಲದಲ್ಲಿ, ಉಪ್ಪಿನ ಪೊಟ್ಟಣದೊಳಗೆ, ಒಂದು ಚೀಟಿ ಇಟ್ಟು ಕಳಿಸಿದ್ದಳು. ಸೋಮವಾರ ಅತ್ತೆ ಮಗಳ ಮನೆಗೆ ಹೋಗ್ತಾರೆ, ಬರೋದು ಗುರುವಾರ, ಮನೇಲಿ ನಾನೊಬ್ಬಳೇ. ಇಷ್ಟೇ. ಹಾಗೆ ಅವನು ಹಿಂದೆಯೂ ಎರಡು ಸಲ ಕದ್ದು ಬಂದಿದ್ದ. ರಿಜಿಸ್ಟರಿಗೇನು ಮಾಡಿದ್ರಿ ಎಂದು ಕೇಳಿದರೆ, ನಾಳಿನ ಬಿಸಿಲು ನನ್ನ ಕೈಯಲ್ಲೇ ಇದೆ ಕಣೆ ಎಂದು ನಕ್ಕಿದ್ದ. ಸೋಮವಾರ ಸಂಜೆ ಗಾಳಿ ಎದ್ದಾಗ, ಅವನು ಬರದೇ ಇದ್ದರೆ ಸಾಕು ಅಂದುಕೊಂಡಿದ್ದಳು. ಶುಕ್ರವಾರ ಬುಧವಾರದ ಸಾಲು ನೋಡಿದಾಗ, ಸದ್ಯ, ಸೋಮವಾರ ಅವನು ಹೊರಟಿರಲಿಲ್ಲ ಅಂದುಕೊಂಡಿದ್ದಳು.

ಈಗ ಬಾಯಿ ಮುಚ್ಚಿಕೊಂಡಿದ್ದರೆ ಇನ್ನೆರಡು ದಿನ ಅತ್ತೆಗೆ ಮಗ ಇರುತ್ತಿದ್ದ. ಅವಳಿಗೂ ಇರುತ್ತಿದ್ದ.

ಮಧ್ಯಾಹ್ನ ಮೈದುನ ಬಂದ. ಹುಡುಕುವ ತಂಡದ ಮುಂದಾಳು ಅವನೇ. ಎಡಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ಚಳಿಗೆ ಸತ್ತುಹೋಗಿವೆ, ಉಂಗುರ ಹಾಕುವ ಕಷ್ಟ ತಪ್ಪಿತು ಎಂದು ನಗಾಡಿದ. ನಿನ್ನೆ ಒಬ್ಬ ಜಾರಿ ಕಾಲು ಮುರಿದುಕೊಂಡನಂತೆ. ನಾಳೆ ಬಂಡೆಯ ಅಂಚು ಹಿಡಿದು ಎರಡನೇ ಗುಡಿಸಲಿಗೆ ಹೋಗುತ್ತಾರಂತೆ. ಆ ಅಂಚಿನ ಅಗಲ ಎಷ್ಟು ಎಂದು ಅವಳು ಕೇಳಿದಳು. ಅವನು ತನ್ನ ಬೂಟು ತೋರಿಸಿದ.

"ಅಣ್ಣ ಅಲ್ಲೇ ಇರ್ತಾನೆ ಅತ್ತಿಗೆ. ಬೈಕೊಳ್ತಾ ಕೂತಿರ್ತಾನೆ, ಇಷ್ಟು ಹೊತ್ತಾ ಬರೋಕೆ ಅಂತ."

ಅವಳು ಎದ್ದು ಎರಡು ರಿಜಿಸ್ಟರನ್ನೂ ಎದೆಗವಚಿಕೊಂಡು, ಸಾಹೇಬರ ಕಚೇರಿಗೆ ಬಾ ಎಂದಳು.

ಸಾಹೇಬರಿಗೆ ಶಾಯಿಯ ವಿಷಯ ಹೇಳಿ ಮುಗಿಸಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಹಿಂದೆಯೇ ಬಂದಿದ್ದ ಮೇಷ್ಟ್ರು ಹಳೆಯ ಪುಟವನ್ನು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು, ಆಮೇಲೆ ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತರು. ಶಾಯಿ ಕೆಟ್ಟದ್ದಿರಬಹುದು ಎಂದು ಸಾಹೇಬರೇ ಒಂದು ದಾರಿ ಹುಡುಕಿಕೊಟ್ಟರು. ಒಳ್ಳೆಯ ಮನುಷ್ಯ.

"ಬರೀ ಶಾಯಿ ನೋಡಿ ಹೇಗೆ ಹೇಳೋದಮ್ಮಾ, ಕೆಳಗೆ ಬಂದ ಅಂತ?"

"ಹಿಂದೆ ಎರಡು ಸಲ ಬಂದಿದ್ರು ಸರ್. ಬಾಗಿಲು ತೆಗೆದಿದ್ದು ನಾನೇ. ಈ ಸಲ ಕರೆದಿದ್ದೂ ನಾನೇ."

ಮೈದುನ ಅವಳ ಕಡೆ ನೋಡಲಿಲ್ಲ. ಬರ್ತಿದ್ದದ್ದು ಕೊರಕಲಿನ ಒಳದಾರೀಲಾ ಎಂದು ಕೇಳಿದ. ಅವಳು ಹೌದೆಂದಳು.

"ಅದು ಸೋಮವಾರ ರಾತ್ರಿಯೇ ಕುಸಿದಿದೆ," ಎಂದ. "ಮೂರಾಳು ಹಿಮ. ಬೇಸಿಗೆಗೇ ತೆರೆಯೋದು."

ಸಾಹೇಬರು ಕ್ಯಾಲೆಂಡರ್ ನೋಡಿದರು. ಕಳೆದ ಸೋಮವಾರದಿಂದ ಎಣಿಸಿದರೆ ಏಳು ದಿನ ಇವತ್ತಿಗೆ ಮುಗಿದಿತ್ತು. ನೋಡದೆ ಬರೆದ ಸಾಲುಗಳನ್ನು ಹೊಡೆದುಹಾಕಬೇಕು, ತೋರಿಸಿಕೊಟ್ಟವರ ಸಹಿ ಬೇಕು, ನಾಳೆ ಮಾಡಿದರಾಯಿತು ಎಂದರು. ನಾಳೆಗೆ ಇಟ್ಟರೆ ತಂಡ ಅಂಚಿನ ಮೇಲಿರುತ್ತದೆ ಎಂದು ಅವಳು ಪೆನ್ನಿಗೆ ಕೈ ಚಾಚಿದಳು.

ಕೆಳಗಿನಿಂದ ಶುರುಮಾಡಿದಳು. ಬುಧವಾರ ರಾತ್ರಿ. ಬುಧವಾರ ಮಧ್ಯಾಹ್ನ. ಬುಧವಾರ ಬೆಳಿಗ್ಗೆ. ಹರಿದ ಪುಟಗಳನ್ನು ಅಂಟಿಸಿ ಪಳಗಿದ ಕೈ; ಗೆರೆಗಳು ನೇರವಾಗಿ ಬಂದವು. ಮಂಗಳವಾರದ ಮೂರು. ಸೋಮವಾರ ರಾತ್ರಿಯ ಸಾಲಿನಲ್ಲಿ "ಮೋಡ ಚದುರಿದೆ" ಎಂದು ಬರೆದಿದ್ದ. ಅದನ್ನೂ ಹೊಡೆದಳು.

ಅದರ ಮೇಲಿನದು ಅವನು ನಿಜವಾಗಿ ಹೊರಗೆ ನಿಂತು ನೋಡಿ ಬರೆದ ಕೊನೆಯ ಸಾಲು. ಇಷ್ಟು ದಿನ ಬುಧವಾರವನ್ನಷ್ಟೇ ಓದುತ್ತಿದ್ದವಳು ಅದನ್ನು ಓದಿರಲೇ ಇಲ್ಲ. ಸೋಮವಾರ, ಮಧ್ಯಾಹ್ನ ಎರಡು ಗಂಟೆ. ಪಶ್ಚಿಮದಲ್ಲಿ ಕಪ್ಪು ಮೋಡ. ಗಾಳಿ ಏರುತ್ತಿದೆ.

ನೋಡಿಯೇ ಹೊರಟಿದ್ದ.

ಆ ಸಾಲಿನ ಕೆಳಗೆ ಸಹಿ ಮಾಡಿದಳು. ಮೈದುನ ಬಾಗಿಲ ಬಳಿ ಹೋಗಿ ನಿಂತಿದ್ದ. ಅಮ್ಮನಿಗೆ ನೀನು ಹೇಳ್ತೀಯಾ, ನಾನು ಹೇಳಲಾ ಎಂದು ಕೇಳಿದ. ನಾನೇ ಹೇಳುತ್ತೇನೆ ಎಂದು ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು.