ಹೊರಬಿದ್ದ ಮೇಲೆ

"ಮೂರು ಹಗಲು ಮೂರು ರಾತ್ರಿ! ಲಂಡನ್ನಿನ ಸರ್ಕಾರವನ್ನ ಈ ಕೈಯಲ್ಲಿ, ಈ ಒಂದೇ ಕೈಯಲ್ಲಿ, ಕಕ್ಕಸಿನೊಳಗೆ ಕೂಡಿಹಾಕಿದ್ದೆ ಕಣ್ರೋ!"

ಗ್ಲೆನಿಸ್ ಸ್ಕ್ರಿಮ್‌ಶಾ ತನ್ನ ಬಲಗೈಯನ್ನು ಪಬ್ಬಿನ ಮೇಜಿನ ಮೇಲೆ ಇಟ್ಟಳು. ನಲವತ್ತು ವರ್ಷ ಮೀನು ಸೀಳಿದ ಕೈ. ಬೆರಳುಗಳು ಶುಂಠಿಗಡ್ಡೆಯ ಹಾಗೆ ಗಂಟುಗಂಟಾಗಿದ್ದವು. ಅವಳ ಮಾತು ನಂಬುವುದಾದರೆ ಈ ಕೈ ತಿಮಿಂಗಿಲವನ್ನು ಸೀಳಿದೆ, ಶಾರ್ಕಿನ ಕೆನ್ನೆಗೆ ಬಾರಿಸಿದೆ, ಇಬ್ಬರು ಗಂಡಂದಿರನ್ನು ಓಡಿಸಿದೆ. ಗಂಡಂದಿರ ವಿಷಯ ಮಾತ್ರ ಗ್ರಿಮ್ಸ್‌ಬಿ ಬಂದರಿಗೆಲ್ಲ ಗೊತ್ತಿದ್ದ ಸತ್ಯ.

"ಶುರುವಾಯ್ತು ನೋಡು" ಎಂದ ಪಬ್ಬಿನ ಸಿರಿಲ್, ಲೋಟ ಒರೆಸುತ್ತ.

ಎದುರಿಗೆ ಕೂತಿದ್ದವಳು ಅಲ್ದೋನಾ. ಲಿಥುವೇನಿಯಾದಿಂದ ಬಂದು ಹನ್ನೆರಡು ವರ್ಷ ಗ್ಲೆನಿಸಳ ಪಕ್ಕದಲ್ಲೇ ಮೀನು ಸೀಳಿದವಳು. ಗೆಳತಿ ಸುಳ್ಳು ಹೇಳಲು ಹೊರಟಾಗ ಚಿಪ್ಸಿಗೆ ವಿನೆಗರ್ ಸುರಿದುಕೊಂಡು ಸುಮ್ಮನೆ ಕೂರುವುದು ಅವಳ ಅಭ್ಯಾಸ.

ಕಕ್ಕಸಿನ ಕಥೆ ಇದು: ಟಾಯ್ನ್ ಯಜಮಾನನ ಮೀನು ಶೆಡ್ಡಿನಲ್ಲಿ ಹೆಂಗಸರಿಗೆ ಇದ್ದದ್ದು ಒಂದೇ ಕಕ್ಕಸು, ಅದಕ್ಕೆ ಚಿಲಕವಿರಲಿಲ್ಲ. ಚೌಕಟ್ಟು ವಾಲಿ, ಬಾಗಿಲು ತಾನಾಗಿ ಹೊರಕ್ಕೆ ತೆರೆದುಕೊಂಡು ಇಡೀ ಶೆಡ್ಡಿಗೆ ದರ್ಶನ ಕೊಡುತ್ತಿತ್ತು. ಹಾಗಾಗಿ ಒಬ್ಬಳು ಹೋದರೆ ಇನ್ನೊಬ್ಬಳು ಹೊರಗಿನಿಂದ ಒತ್ತಿ ಹಿಡಿಯಬೇಕು. 'ಬಾಗಿಲಿಗೆ ಬರ್ತೀಯಾ?' ಅಂದರೆ ಸಾಕು, ಪಕ್ಕದವಳು ಚಾಕು ಕೆಳಗಿಡುತ್ತಿದ್ದಳು. ಯಾರು ಯಾರ ಬಾಗಿಲು ಹಿಡಿಯುತ್ತಾರೆ ಅನ್ನುವುದರ ಮೇಲೆ ಶೆಡ್ಡಿನಲ್ಲಿ ಸ್ನೇಹ ಅಳೆಯುತ್ತಿದ್ದರು.

ಟಾಯ್ನ್ ಮೇಲಿನ ಆಫೀಸಿನ ಗಾಜಿನಿಂದಲೇ ಕೂಗುತ್ತಿದ್ದ: "ಏಯ್ ಮುದಿ ಹಂದಿಗಳಾ! ಒಬ್ಬಳು ಉಚ್ಚೆ ಹೊಯ್ಯಕ್ಕೆ ಇಬ್ಬರಿಗೆ ಕೂಲಿ ಕೊಡಕ್ಕೆ ನಾನೇನು ಬಕರಾನಾ? ಇಬ್ಬರಿಗೂ ಕಟ್!"

"ಚಿಲಕ ಹಾಕ್ಸಿ, ಒಬ್ಬಳೇ ಹೋಯ್ತೀವಿ" ಎಂದು ಗ್ಲೆನಿಸ್ ಕೂಗಿದರೆ ಅವನ ಉತ್ತರ ಸಿದ್ಧವಿತ್ತು.

"ಹೊರಬಿದ್ದ ಮೇಲೆ!"

ಯುರೋಪಿನ ಒಕ್ಕೂಟದಿಂದ ಹೊರಬೀಳುತ್ತೇವೆಂದು ದೇಶ ಮತ ಹಾಕಿ ಮೂರು ವರ್ಷವಾಗುತ್ತ ಬಂದಿತ್ತು. ಗ್ಲೆನಿಸ್ ಕೂಡ ಹಾಕಿದ್ದಳು, ಅದೂ ಎರಡೂ ಬೂಟಿಗೆ ಪಾಲಿಶ್ ಹೊಡೆದುಕೊಂಡು ಹೋಗಿ. ಸಮುದ್ರವೆಲ್ಲ ನಮ್ಮದಾಗುತ್ತದೆ, ಮೀನು ತಾನಾಗಿ ಬಂದು ಬಾಗಿಲು ತಟ್ಟುತ್ತದೆ ಎಂದಿದ್ದರು. ಆಮೇಲೆ ಲಂಡನ್ನಿನವರು ಮಾತಾಡಿದರು. ಮಾತು ಮುರಿದರು. ಗಡುವು ಮುಂದೂಡಿದರು. ಮತ್ತೆ ಮಾತಾಡಿದರು. ಟಾಯ್ನನಿಗೆ ಮಾತ್ರ ಹಬ್ಬ. ಹೊಸ ಕೈಗವಸು? ಹೊರಬಿದ್ದ ಮೇಲೆ. ಕೆಲಸ ಕಾಯಂ? ಹೊರಬಿದ್ದ ಮೇಲೆ. ಶೆಡ್ಡಿನಲ್ಲಿ ಈ ಮಾತಿಗೆ 'ನಾನು ಸತ್ತ ಮೇಲೆ' ಎಂಬ ಅರ್ಥ ಬಂದುಬಿಟ್ಟಿತ್ತು. ಅಲ್ದೋನಾಳ ಎದುರು ಮನೆಯವನು ಅವಳಿಗೆ, "ನೀನು ಯಾವಾಗ ನಿನ್ನೂರಿಗೆ ಹೊರಡ್ತೀಯ?" ಅಂತ ಕೇಳಿದಾಗ ಅವಳೂ ನಕ್ಕು ಅಂದಿದ್ದಳು, "ಹೊರಬಿದ್ದ ಮೇಲೆ."

ಇಂಥದ್ದರಲ್ಲಿ ಒಂದು ದಿನ ಲಂಡನ್ನಿನಿಂದ ಒಬ್ಬ ಮರಿಮಂತ್ರಿ ಬಂದ. ಹಿಂದೆ ಕ್ಯಾಮೆರಾದವರು. ಬಿಳಿ ಕೋಟು ಹಾಕಿಕೊಂಡು, ತಲೆಗೆ ಬಲೆಟೋಪಿ ಸಿಕ್ಕಿಸಿಕೊಂಡು, ಒಂದು ಹ್ಯಾಡಕ್ ಮೀನನ್ನು ಎತ್ತಿ ಹಿಡಿದು, "ಈ ಕಾಡ್ ಮೀನು ನಮ್ಮ ಸ್ವಾತಂತ್ರ್ಯದ ಸಂಕೇತ" ಎಂದ.

"ಅದು ಹ್ಯಾಡಕ್ಕು, ಕಾಡ್ ಬೇರೆ ಮೀನು. ಸತ್ತಿರೋದಕ್ಕೆ ಬಾಯಿ ಮುಚ್ಕೊಂಡಿದೆ. ಇಲ್ದಿದ್ರೆ ಅದೇ ನಗೋದು" ಎಂದಳು ಗ್ಲೆನಿಸ್. ಮೀನು ಸೀಳುವ ಹೆಂಗಸರ ಸಾಲೆಲ್ಲ ಕಿಸಕ್ಕೆಂದಿತು. ಟಾಯ್ನ್ ಮೇಲಿನಿಂದ ಕಣ್ಣಲ್ಲೇ ಅವಳನ್ನು ಹುರಿದು ತಿಂದ.

ಮರಿಮಂತ್ರಿ ಆಫೀಸಿನಲ್ಲಿ ಮಗ್ಗುಗಟ್ಟಲೆ ಚಹಾ ಕುಡಿದು ಬಂದಿದ್ದ. ಶೆಡ್ಡೋ ಹಿಮದ ಗುಹೆ. ಭಾಷಣದ ನಡುವೆಯೇ ಮುಖ ಬಿಗಿಯಾಯಿತು, ಮೊಣಕಾಲು ಒಂದಕ್ಕೊಂದು ತಾಗಿದವು. ಆಫೀಸಿನ ಕಕ್ಕಸಿಗೆ ಮೆಟ್ಟಿಲು ಹತ್ತಬೇಕಿತ್ತು. ಅಷ್ಟು ತಾಳುವ ಸ್ಥಿತಿ ದಾಟಿತ್ತು.

"ಬನ್ನಿ ಸಾರ್, ಹೆಂಗಸರದ್ದೇ ಹತ್ರ. ಚಿಲಕ ಇಲ್ಲ, ನಾನು ಹಿಡ್ಕೋತೀನಿ" ಎಂದು ಗ್ಲೆನಿಸ್ ಕರೆದೊಯ್ದಳು.

ಒಳಗೆ ಮಳೆ ಸುರಿದಷ್ಟು ಹೊತ್ತು ಸುರಿಯಿತು. ಆಮೇಲೆ ಬಾಗಿಲನ್ನು ಒಳಗಿನಿಂದ ತಳ್ಳಿದ. ಅದು ಕದಲಲಿಲ್ಲ.

"ಆಯ್ತಮ್ಮಾ, ಬಿಡಿ."

"ಏನವಸರ ಸಾರ್? ಹೊರಬೀಳೋದು ಅಷ್ಟು ಸಲೀಸಲ್ಲ ಅಂತ ನೀವೇ ಟೀವೀಲಿ ಅಂದಿದ್ರಿ. ಮೊದಲು ಮಾತುಕತೆ ಆಗ್ಲಿ."

"ಏನು ಮಾತುಕತೆ?"

"ಒಂದು ಚಿಲಕ. ಇವತ್ತೇ."

ಒಳಗಿನಿಂದ ಭಾಷಣದ ದನಿ ಬಂತು. "ನಿಮ್ಮ ಕಳಕಳಿ ನನಗೆ ಅರ್ಥವಾಗುತ್ತೆ. ಎಲ್ಲ ಆಯ್ಕೆಗಳನ್ನೂ ಪರಿಶೀಲಿಸಿ..."

"ಗಡುವು ಮುಂದಕ್ಕೆ!" ಎಂದು ಕೂಗಿದಳು ಗ್ಲೆನಿಸ್, ಬೆನ್ನು ಕೊಟ್ಟು ಒರಗಿ.

"ಅಲ್ಲಿ ಬೇರೆ ಯಾರಾದರೂ ಇದ್ದಾರಾ?"

"ಯುರೋಪಿನ ಪರವಾಗಿ ಅಲ್ದೋನಾ ಇದಾಳೆ ಸಾರ್."

ಅಲ್ದೋನಾ ಬಾಗಿಲ ಸಂದಿಗೆ ಬಾಯಿಟ್ಟಳು. "ನಮ್ಮ ಕಡೆ ಒಪ್ಪಿಗೆ ಇದೆ. ನಿಮ್ಮ ನಿಮ್ಮಲ್ಲೇ ಒಮ್ಮತ ಇಲ್ಲ. ಮೊದಲು ಒಳಗೆ ಒಬ್ಬರೇ ಕೂತು ಮಾತಾಡ್ಕೊಳಿ."

ಇಲ್ಲಿಯವರೆಗೆ ಎಲ್ಲ ನಿಜ. ಇಲ್ಲಿಂದ ಮುಂದೆ ಗ್ಲೆನಿಸಳ ಕುದುರೆಗೆ ಲಗಾಮಿಲ್ಲ. ಸಂಜೆಗೆ ಪೊಲೀಸರು ಬಂದರಂತೆ, ಮಾರನೆಯ ದಿನ ನೆತ್ತಿಯ ಮೇಲೆ ಹೆಲಿಕಾಪ್ಟರಂತೆ. ಬಾಗಿಲಿನ ಕೆಳಗಿನ ಸಂದಿಯಿಂದ ಮಂತ್ರಿಗೆ ಹೊಗೆಯಾಡಿಸಿದ ಮೀನನ್ನು ತೂರಿಸಿ ಸಾಕಿದಳಂತೆ. ಸೇನೆಯ ಟ್ರಕ್ಕನ್ನು ಒಂದೇ ಕೈಯಲ್ಲಿ ತಡೆದು, ಇನ್ನೊಂದು ಕೈಯಲ್ಲಿ ಬಾಗಿಲು ಹಿಡಿದಿದ್ದಳಂತೆ. ಮೂರನೆಯ ದಿನ ಮಂತ್ರಿ ಅಳುತ್ತ ಚಿಲಕವನ್ನೂ ಸಮುದ್ರವನ್ನೂ ಕೊಟ್ಟನಂತೆ.

"ಮೂರೂ ದಿನ ಜಾಗ ಬಿಟ್ಟು ಕದಲಲಿಲ್ಲ ನಾನು!" ಎಂದು ಗ್ಲೆನಿಸ್ ಲೋಟ ಎತ್ತಿದಳು.

ಅಲ್ದೋನಾ ಕೊನೆಯ ಚಿಪ್ಸನ್ನು ನುಂಗಿದಳು. "ಒಂದು ಮಾತು ಕೇಳ್ಲಾ?"

"ಕೇಳೇ."

"ಹೆಂಗಸರಿಗೆ ಇರೋದು ಒಂದೇ ಕಕ್ಕಸು. ಅದರೊಳಗೆ ಮಂತ್ರಿ. ಮೂರು ದಿನ ನೀನೆಲ್ಲಿಗೆ ಹೋದೆ?"

ಸಿರಿಲನ ಕೈಯಲ್ಲಿದ್ದ ಬಟ್ಟೆ ನಿಂತಿತು. ಪಬ್ಬೆಲ್ಲ ಗೊಳ್ಳೆಂದಿತು. ಗ್ಲೆನಿಸ್ ಲೋಟವನ್ನು ಕೆಳಗಿಟ್ಟಳು.

"ಹಲ್ಕಾ ಮುಂಡೇದೇ" ಎಂದಳು ಮೆಲ್ಲಗೆ. "ಸರಿ. ಮೂರು ದಿನ ಇಲ್ಲ. ಒಂದು ಮಗ್ ಚಹಾ ಆರೋವಷ್ಟು ಹೊತ್ತು."

"ಆಮೇಲೆ?"

"ಆಮೇಲೆ ನಂಗೇ ಬಂತು ಕಣ್ರೋ. ಅರವತ್ತೊಂದು ವರ್ಷದ ಉಚ್ಚೆಚೀಲ, ಐಸಿನ ಮೇಲೆ ನಿಂತು ನಿಂತು ತೂತಾಗಿದೆ. ಬಾಗಿಲು ಬಿಟ್ಟೆ. ಅವನು ಹೊರಬಿದ್ದ. ನಾನು ಒಳಗೆ ನುಗ್ಗಿದೆ. 'ಹಿಡ್ಕೊಳ್ಳೋ' ಅಂದೆ. ಹಿಡ್ಕೊಂಡ, ದೇವರಾಣೆಗೂ ಹಿಡ್ಕೊಂಡ! ಮಂತ್ರಿ ನನ್ನ ಬಾಗಿಲು ಹಿಡಿದಿದ್ದ!"

"ಈಗ ಸುಳ್ಳು ಹೇಳ್ತಿದೀಯ" ಎಂದ ಸಿರಿಲ್.

"ಇದು ನಿಜ" ಎಂದಳು ಅಲ್ದೋನಾ.

"ಆಗ ಲಂಡನ್ನಿಂದ ಫೋನ್ ಬಂತು ಅವನಿಗೆ. ಯಾವುದೋ ಮಾತುಕತೆ ಮತ್ತೆ ಮುರಿದು ಬಿದ್ದಿತ್ತಂತೆ. 'ಬಂದೆ, ಬಂದೆ' ಅಂತ ಓಡಿದ ಬೋಳಿಮಗ. ಬಾಗಿಲು ಕಿರ್ರ್ ಅಂತ..." ಗ್ಲೆನಿಸ್ ಕೈಯಿಂದ ಬಾಗಿಲು ತೆರೆದುಕೊಂಡ ಬಗೆಯನ್ನು ತೋರಿಸಿದಳು. "ಎದುರಿಗೆ ಕ್ಯಾಮೆರಾ. ಲಾರಿಯವರು. ಮೇಲೆ ಗಾಜಿನಲ್ಲಿ ಟಾಯ್ನ್, ಹಲ್ಲು ಕಿಸಿದುಕೊಂಡು. ನಾನು ಕೂತಿದೀನಿ. ಎದ್ದು ನಿಂತು ಬೈದೆ ಅಂತ ಹೇಳಬೇಕಂತಿದ್ದೆ. ಬೈಯಲಿಲ್ಲ. ಏಳಕ್ಕೂ ಆಗಲಿಲ್ಲ, ರಬ್ಬರ್ ಏಪ್ರನ್ ಸಿಕ್ಕೊಂಡಿತ್ತು. ಮುಖ ಮುಚ್ಕೊಂಡೆ ಅಷ್ಟೇ."

ಯಾರೂ ನಗಲಿಲ್ಲ. ಗ್ಲೆನಿಸ್ ಮೇಜಿನ ಮೇಲಿನ ಬಿಯರಿನ ಒದ್ದೆ ಉಂಗುರವನ್ನು ಬೆರಳಿಂದ ಅಳಿಸಿದಳು.

"ಆಗ ಈ ಮುಂಡೇದು ಚಾಕು ಕೆಳಗಿಟ್ಳು. ಬಂದು ನನಗೆ ಬೆನ್ನು ಮಾಡಿ ನಿಂತ್ಳು. ಅವಳ ಪಕ್ಕ ಇನ್ನೊಬ್ಬಳು. ಸಾಲಿಗೆ ಸಾಲೇ ಬಂದು ನಿಂತ್ಕೊಂತು. ಬರೀ ಹಳದಿ ಏಪ್ರನ್ನಿನ ಗಂಟುಗಳು ನಂಗೆ ಕಾಣ್ತಾ ಇದ್ದದ್ದು. ಅತ್ತ ಮೀನು ಸಾಗಿಸೋ ಬೆಲ್ಟು ಓಡ್ತಾನೇ ಇತ್ತು, ಮೀನು ನೆಲಕ್ಕೆ ದಬದಬ ಬೀಳ್ತಾ ಇತ್ತು. ಟಾಯ್ನ್ 'ಎಲ್ಲರಿಗೂ ಕಟ್! ಎಲ್ಲರಿಗೂ ಕಟ್!' ಅಂತ ಬಡ್ಕೋತಾ ಇದ್ದ."

"ಚಿಲಕ?" ಎಂದ ಸಿರಿಲ್.

"ಎಲ್ಲಿಯ ಚಿಲಕ? ಹೊರಬಿದ್ದ ಮೇಲೆ."

"ಮತ್ತೆ ಈಗ ಹೆಂಗೆ ಹೋಗ್ತೀರಾ?"

ಗ್ಲೆನಿಸ್ ಅಲ್ದೋನಾಳ ಮುಖ ನೋಡಿದಳು. ಕಥೆಯಲ್ಲಿ ಸೇನೆಯನ್ನೇ ತಡೆದವಳು ಈಗ ಒಂದು ಮಾತನ್ನೂ ಉಬ್ಬಿಸದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು:

"ಬೆಲ್ಟ್ ನಿಲ್ಲಿಸ್ತೀವಿ. ಎಲ್ಲರೂ ಹೋಗ್ತೀವಿ. ಅವತ್ತಿಂದ ನಮ್ಮ ಶೆಡ್ಡಲ್ಲಿ ಒಬ್ಬಳಿಗೆ ಬಂದ್ರೆ ಎಲ್ಲರಿಗೂ ಬರ್ತದೆ."