ಹಸಿರು ಬಾಗಿಲು

"ನಿಮ್ಮ ತವರುಮನೆ ಬಾಗಿಲಿಗೆ ಯಾವ ಬಣ್ಣ ಇತ್ತಮ್ಮ?" ಎಂದು ಆಶ್ರಯ ಕಚೇರಿಯ ಅಧಿಕಾರಿ ಕೇಳಿದಾಗ ಆಯಾ ಒಳಗೊಳಗೇ ನಕ್ಕಳು. ನಿನ್ನೆಯೆಲ್ಲ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತು ಬಾಯಿಪಾಠ ಮಾಡಿದ್ದು ಇದನ್ನೇ.

"ಹಸಿರು. ಕೆಳಗಡೆ ಸ್ವಲ್ಪ ಬಣ್ಣ ಕಿತ್ತುಹೋಗಿತ್ತು."

ಹೆರಿಗೆ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ಆಯಾ ಆಗಿದ್ದ ಅವಳಿಗೂ, ಜೊತೆಗೆ ಬಂದಿದ್ದ, ಬಟ್ಟೆ ಹೊಲಿಯುತ್ತಿದ್ದ ಟೈಲರಮ್ಮನಿಗೂ ರಕ್ತಸಂಬಂಧವೇನೂ ಇರಲಿಲ್ಲ. ಮೂರು ವರ್ಷದ ಕೆಳಗೆ ಇಬ್ಬರೂ ಮಲಗಲು ಜಾಗ ಹುಡುಕುತ್ತ ಆ ಕಟ್ಟೆಗೆ ಬಂದವರು. ಒಬ್ಬಳು ನಿದ್ದೆ ಮಾಡಿದರೆ ಇನ್ನೊಬ್ಬಳು ಕಾಯುವುದು ಎಂದು ಶುರುವಾದದ್ದು 'ಅಕ್ಕಾ', 'ಕಣೇ' ಎನ್ನುವವರೆಗೆ ಬಂದಿತ್ತು. ಮನೆಯಿಲ್ಲದವರಿಗೆ ಕೊಡುವ ಕೋಣೆಗಳಲ್ಲಿ ಎರಡು ಮಂಚದ್ದೊಂದು ಖಾಲಿಯಿದೆ, ಅದು ಒಡಹುಟ್ಟಿದವರಿಗೆ ಮಾತ್ರ ಎಂದು ತಿಳಿದಾಗ ಅಕ್ಕತಂಗಿಯರಾಗಲು ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಒಬ್ಬೊಬ್ಬರನ್ನೇ ಒಳಗೆ ಕರೆದು, ಅವೇ ಪ್ರಶ್ನೆ ಕೇಳಿ ತಾಳೆ ನೋಡುತ್ತಾರಂತೆ.

"ಹಸಿರು ಅಂದ್ರೆ ಎಂಥ ಹಸಿರು ಅಕ್ಕಾ?" ಎಂದು ಟೈಲರಮ್ಮ ನಿನ್ನೆ ಪೀಡಿಸಿದ್ದಳು.

"ಬಾಗಿಲಿಗೆ ದಾರ ಮ್ಯಾಚ್ ಮಾಡ್ಬೇಕೇನೇ ನಿಂಗೆ?"

ಇವತ್ತು ಮೊದಲು ಒಳಗೆ ಹೋದ ಟೈಲರಮ್ಮನ ಸರದಿ ಆಗಲೇ ಮುಗಿದಿತ್ತು. ಹೊರಗೆ ಬಂದವಳು, "ಗಂಟಲು ಒಣಗಿದೆ, ನೀರು ಕುಡೀತೀನಿ" ಎಂದು ನಲ್ಲಿಯ ಕಡೆ ನಡೆದಿದ್ದಳು.

ಉತ್ತರ ತಾಳೆಯಾಯಿತೆಂದು ಆಯಾಳಿಗೆ ಉಮೇದು ಬಂತು. "ಐದು ವರ್ಷದವಳಿದ್ದಾಗ ಇವಳಿಗೆ ವಿಪರೀತ ಜ್ವರ. ನಾನೇ ಹೊತ್ಕೊಂಡು ಆಸ್ಪತ್ರೆಗೆ ಓಡಿದ್ದೆ. ಈಗ್ಲೂ ಚಳಿ ತಡ್ಕೊಳಲ್ಲ. ಕಿಟಕಿ ಪಕ್ಕದ ಮಂಚ ನನಗಿರ್ಲಿ." ಇದು ಬಾಯಿಪಾಠದಲ್ಲಿ ಇರಲಿಲ್ಲ. ಹೇಳುತ್ತ ಹೇಳುತ್ತ ಅವಳಿಗೆ, ಹೌದಲ್ಲ, ಎಷ್ಟು ಹಗುರವಿತ್ತು ಮಗು, ಅನ್ನಿಸಿತು.

ಅಧಿಕಾರಿ ಪೆನ್ನು ಕೆಳಗಿಟ್ಟು, ತನಗೆಂದು ತಂದಿದ್ದ ಚಹಾವನ್ನು ಅವಳ ಕಡೆಗೆ ಸರಿಸಿದರು.

"ಅಮ್ಮಾ, ನಿಯಮ ಅಂತ ನಿಮ್ಮನ್ನೂ ಕೇಳ್ದೆ ಅಷ್ಟೇ. ಜೋಡಿ ಕೋಣೆ ಬೆಳಿಗ್ಗೆ ಬೇರೆಯವ್ರಿಗೆ ಹೋಯ್ತು. ಒಂಟಿ ಕೋಣೆ ಒಂದಿದೆ, ಇಬ್ಬರಲ್ಲಿ ಯಾರಿಗೆ ಕೊಡ್ಲಿ ಅಂತ ನಿಮ್ಮ ಜೊತೆಗೆ ಬಂದೋರನ್ನ ಕೇಳ್ದೆ."

"ಏನಂದ್ಲು?"

"ನೀವು ಅವ್ರಿಗೆ ಏನೂ ಆಗ್ಬೇಕಿಲ್ಲ ಅಂದ್ರು. ನಿಮಗೆ ಇದೇ ಊರಲ್ಲಿ ಮಗಳಿದ್ದಾಳೆ, ಮನೆ ಇದೆ ಅಂತಾನೂ ಹೇಳಿದ್ರು. ಮಕ್ಕಳ ಮನೆ ಇರೋರಿಗೆ ಕೊಡೋ ಹಾಗಿಲ್ಲಮ್ಮ."

ಮೂರು ವರ್ಷದ ಕೆಳಗೆ ಒಂದು ದಿನ ಆಯಾ ಕೆಲಸ ಮುಗಿಸಿ ಬರುವಷ್ಟರಲ್ಲಿ ಮಗಳು ಬೀಗ ಬದಲಿಸಿದ್ದಳು. ಅದನ್ನು ಅವಳು ಟೈಲರಮ್ಮನೊಬ್ಬಳಿಗೆ ಮಾತ್ರ, ಒಂದೇ ಸಲ, ಮುಸುಕು ಎಳೆದುಕೊಂಡು ಹೇಳಿದ್ದಳು.

"ಒಂಟಿ ಕೋಣೆಗೆ ಅವ್ರು ಹಾಕಿರೋ ಅರ್ಜಿಗೆ ಬೀದೀಲಿ ಜೊತೆಗಿದ್ದವರ ಸಾಕ್ಷಿ ಬೇಕು," ಅಧಿಕಾರಿ ತಡವರಿಸಿದರು. "ಇಷ್ಟ ಇಲ್ದಿದ್ರೆ ಬೇಡಮ್ಮ."

ಆಯಾ ಪೆನ್ನಿಗೆ ಕೈ ಚಾಚಿದಳು. ಫ್ಯಾನಿನ ಗಾಳಿಗೆ ಏಳುತ್ತಿದ್ದ ಹಾಳೆಯನ್ನು ಅಧಿಕಾರಿ ಬೆರಳಿನಿಂದ ಒತ್ತಿ ಹಿಡಿದರು. ಅವಳು ನಿಧಾನವಾಗಿ ಸಹಿ ಮಾಡಿ, 'ಸಂಬಂಧ' ಎಂದಿದ್ದಲ್ಲಿ ಒಂದು ಸಣ್ಣ ಗೆರೆ ಎಳೆದಳು. ಚಹಾ ಮುಟ್ಟಲಿಲ್ಲ.

ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಟೈಲರಮ್ಮ ತಲೆಯೆತ್ತದೆ ಒಂದಿಷ್ಟು ಸರಿದು ಜಾಗ ಮಾಡಿಕೊಟ್ಟಳು. ಆಯಾ ಗೋಡೆಗೆ ಕೈಯೂರಿ, ನಿಂತೇ ಚಪ್ಪಲಿ ಮೆಟ್ಟಿಕೊಂಡಳು.